ಮದುವೆಯಾಗಿ ಬ್ರಿಟನ್‌ಗೆ ಹೊರಟ ತಂಗಿಗೆ

ನೀವು ಕೇಳಿದ್ದು ಇಷ್ಟು. ಮದುವೆಯಾಗಿ ಎರಡು ತಿಂಗಳಾಗಿದೆ. ಯಜಮಾನರು ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದಾರೆ, ಅವರಿಗೆ ಐಎಲ್‌ಆರ್, ಅಂದರೆ ಬ್ರಿಟನ್‌ನಲ್ಲಿ ಕಾಲಮಿತಿಯಿಲ್ಲದೆ ನೆಲೆಸುವ ಅನುಮತಿ, ಸಿಕ್ಕಿದೆ. ನೀವು ದಾವಣಗೆರೆಯಲ್ಲಿ ಹೈಸ್ಕೂಲ್ ಗಣಿತ ಟೀಚರ್. ವೀಸಾಗೆ ಏನೇನು ಬೇಕು, ಈಗಲೇ ಕೆಲಸಕ್ಕೆ ರಾಜೀನಾಮೆ ಕೊಡಬೇಕಾ, ವಿಸಿಟ್ ವೀಸಾದಲ್ಲಿ ಬಂದು ಇಲ್ಲೇ ಬದಲಾಯಿಸಿಕೊಳ್ಳಬಹುದಾ ಅಂತ. ಅಕ್ಕಾ ಅಂತ ಕರೆದು ಕೇಳಿದ್ದೀರಿ. ನಾನೂ ಇದೇ ವೀಸಾದಲ್ಲಿ ಬಂದು ಇಲ್ಲೇ ನೆಲೆಸಿದವಳು, ಆಮೇಲೆ ಬಂದ ಎಷ್ಟೋ ಹೆಣ್ಣುಮಕ್ಕಳ ಫೈಲುಗಳನ್ನು ಜೊತೆಯಲ್ಲಿ ಕೂತು ನೋಡಿದವಳು. ಗೊತ್ತಿದ್ದದ್ದನ್ನೆಲ್ಲ ಹೇಳುತ್ತೇನೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಆಗೋದಿಲ್ಲ. ವಿಸಿಟರ್ ಆಗಿ ಬಂದವರು ಬ್ರಿಟನ್ ಒಳಗೇ ಇದ್ದುಕೊಂಡು ಗಂಡ ಅಥವಾ ಹೆಂಡತಿಯ ಜೊತೆ ಇರಲು ಕೊಡುವ ಸ್ಪೌಸ್ ವೀಸಾಗೆ ಬದಲಾಗಲು ನಿಯಮದಲ್ಲಿ ಅವಕಾಶವಿಲ್ಲ. ಮತ್ತೆ ಊರಿಗೆ ಹೋಗಿ ಅಲ್ಲಿಂದಲೇ ಅರ್ಜಿ ಹಾಕಬೇಕು. 'ನಮ್ಮ ಪರಿಚಯದವರು ಹಾಗೇ ಮಾಡಿಕೊಂಡರು' ಅನ್ನುವ ಏಜೆಂಟರ ಮಾತು ಕೇಳಬೇಡಿ.

ಇನ್ನೊಂದು. ಗೆಳತಿಯರ ಅನುಭವ ಕೇಳುವಾಗ ಅವರ ಗಂಡಂದಿರು ಯಾವ ವೀಸಾದಲ್ಲಿದ್ದರು ಅಂತ ಮೊದಲು ಕೇಳಿ. ಸ್ಕಿಲ್ಡ್ ವರ್ಕರ್ ವೀಸಾದವರ ಹೆಂಡತಿ ಡಿಪೆಂಡೆಂಟ್ ಆಗಿ ಬರುತ್ತಾಳೆ, ಅದರ ನಿಯಮವೇ ಬೇರೆ. 2024ರ ಮಾರ್ಚ್‌ನಿಂದೀಚೆಗೆ ಕೇರ್ ವರ್ಕರ್ ಆಗಿ, ಅಂದರೆ ವೃದ್ಧರ, ಅಶಕ್ತರ ಆರೈಕೆಯ ಕೆಲಸಕ್ಕೆ, ಹೊಸದಾಗಿ ಬಂದವರು ಸಂಸಾರವನ್ನು ಕರೆತರುವಂತೆಯೇ ಇಲ್ಲ. ನಿಮ್ಮವರಿಗೆ ಐಎಲ್‌ಆರ್ ಇರುವುದರಿಂದ ನಿಮ್ಮದು ಫ್ಯಾಮಿಲಿ ವೀಸಾ, ಮೇಲೆ ಹೇಳಿದ ಸ್ಪೌಸ್ ವೀಸಾ ಅದರಲ್ಲೇ ಬರುತ್ತದೆ.

ಈ ವೀಸಾದ ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಿಮ್ಮ ಅರ್ಜಿಯನ್ನು ತೀರ್ಮಾನಿಸುವ ಅಧಿಕಾರಿ ಸಾಮಾನ್ಯವಾಗಿ ನಿಮ್ಮ ಮುಖವನ್ನೇ ನೋಡುವುದಿಲ್ಲ. ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೆರಳಚ್ಚು, ಫೋಟೋ ತೆಗೆದುಕೊಳ್ಳುತ್ತಾರೆ ಅಷ್ಟೇ, ಅಲ್ಲಿ ಕೂತವರು ತೀರ್ಮಾನ ಮಾಡುವವರಲ್ಲ. 'ಕೇಳಿದರೆ ಹೇಳೋಣ' ಅಂತ ಬಿಟ್ಟದ್ದನ್ನು ಯಾರೂ ಕೇಳದೆಯೇ ಹೋಗಬಹುದು. ಹೇಳಬೇಕಾದ್ದೆಲ್ಲ ಕಾಗದದಲ್ಲೇ ಇರಬೇಕು.

ಹೆಚ್ಚಿನವರು ಎಡವುವುದು ದುಡ್ಡಿನ ಲೆಕ್ಕದಲ್ಲಿ. 2024ರ ಏಪ್ರಿಲ್ 11ರಿಂದ ತೆರಿಗೆ ಕಳೆಯುವ ಮುಂಚೆ ಯಜಮಾನರ ವರಮಾನ ವರ್ಷಕ್ಕೆ ಕನಿಷ್ಠ 29,000 ಪೌಂಡ್ ಇರಬೇಕು. ಅದಕ್ಕೂ ಮುಂಚೆ ಇದು 18,600 ಇತ್ತು, ಹಳಬರು ಇನ್ನೂ ಅದನ್ನೇ ಹೇಳುತ್ತಾರೆ. ನೀವು ಹೊರಗಿನಿಂದ ಅರ್ಜಿ ಹಾಕುವಾಗ ನಿಮ್ಮ ದಾವಣಗೆರೆಯ ಸಂಬಳ ಇದಕ್ಕೆ ಸೇರುವುದಿಲ್ಲ. ಅಪ್ಪನ ಅಡಿಕೆ ತೋಟದ ಪಹಣಿಯೂ ಸೇರುವುದಿಲ್ಲ. ಪಹಣಿ, ಮನೆ ಪತ್ರ, ಒಡವೆ ಚೀಟಿ ಎಲ್ಲವನ್ನೂ ಫೈಲಿಗೆ ಸೇರಿಸುವವರಿದ್ದಾರೆ. ಅದರಿಂದ ಏನೂ ಉಪಯೋಗವಿಲ್ಲ.

ಯಜಮಾನರು ಒಂದೇ ಕಂಪನಿಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಕೆಲಸ ಸುಲಭ. ಆರು ತಿಂಗಳ ಪೇಸ್ಲಿಪ್, ಅದೇ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ. ಪೇಸ್ಲಿಪ್‌ನಲ್ಲಿ ಕೈಗೆ ಬಂದ ಮೊತ್ತ ಎಷ್ಟಿದೆಯೋ ಅಷ್ಟೇ ಬ್ಯಾಂಕಿನಲ್ಲೂ ಜಮಾ ಆಗಿರಬೇಕು. ಒಂದೊಂದು ತಿಂಗಳನ್ನೂ ಪೆನ್ಸಿಲ್ ಹಿಡಿದು ತಾಳೆ ನೋಡಿ. ಆರು ತಿಂಗಳ ನಡುವೆ ಸಂಬಳ ಏರಿದ್ದರೆ ಏರುವ ಮುಂಚಿನದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಇತ್ತೀಚೆಗೆ ಕಂಪನಿ ಬದಲಾಯಿಸಿದ್ದರೆ ಹಿಂದಿನ ಹನ್ನೆರಡು ತಿಂಗಳ ದುಡಿಮೆಯನ್ನೂ ನೋಡುತ್ತಾರೆ. ಹಾಗಿದ್ದರೆ ಆರು ತಿಂಗಳು ತುಂಬುವ ತನಕ ಕಾಯುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ದಾಖಲೆಗಳು ಹಳತಾಗಿರಬಾರದು. ಕೊನೆಯ ಪೇಸ್ಲಿಪ್, ಕೊನೆಯ ಸ್ಟೇಟ್‌ಮೆಂಟ್, ಕಂಪನಿ ಪತ್ರ ಇವು ಅರ್ಜಿ ಹಾಕುವ ದಿನಕ್ಕೆ 28 ದಿನದ ಒಳಗಿನವಾಗಿರಬೇಕು.

ಸಂಬಳ ಸಾಲದಿದ್ದರೆ ಉಳಿತಾಯ ತೋರಿಸಬಹುದು. ಬರೀ ಉಳಿತಾಯದ ಮೇಲೇ ಹೋಗುವುದಾದರೆ 88,500 ಪೌಂಡ್ ಬೇಕು, ಅದೂ ಆರು ತಿಂಗಳಿಂದ ನಿಮ್ಮಿಬ್ಬರ ಕೈಯಲ್ಲೇ ಇದ್ದಿರಬೇಕು. ಅಪ್ಪ ದುಡ್ಡು ಕೊಡುವುದಾದರೆ ಇವತ್ತೇ ಕೊಡಲಿ, ಸಾಲವಾಗಿ ಅಲ್ಲ.

ಇನ್ನು ಹೆಸರು. ನಮ್ಮ ಕಡೆಯವರಿಗೆ ಇದರಷ್ಟು ತಲೆನೋವು ಇನ್ನೊಂದಿಲ್ಲ. ಪಾಸ್‌ಪೋರ್ಟಿನಲ್ಲಿ 'ಕವಿತಾ ಬಸವರಾಜಪ್ಪ', ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕವಿತಾ ಬಿ', ಆಧಾರ್‌ನಲ್ಲಿ 'ಕವಿತಾ ಕೆ ಬಿ', ಮದುವೆ ನೋಂದಣಿಯಲ್ಲಿ 'ಕವಿತಾ ಕೋಂ ಮಂಜುನಾಥ'. ನಮಗೆ ಇವರೆಲ್ಲ ಒಬ್ಬರೇ. ಇಲ್ಲಿ ಓದುವವರಿಗೆ ನಾಲ್ಕು ಜನ. ಮದುವೆ ಪ್ರಮಾಣಪತ್ರದಲ್ಲಾದರೂ ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವ ಮುಂಚೆ ಅಕ್ಷರ ಅಕ್ಷರ ಓದಿ. ಪ್ರಮಾಣಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಅನುವಾದಕರು ತಮ್ಮ ಹೆಸರು, ಸಹಿ, ತಾರೀಕು, ವಿಳಾಸ ಹಾಕಿ 'ಇದು ಮೂಲಕ್ಕೆ ಸರಿಯಾಗಿದೆ' ಅಂತ ಬರೆದಿರಬೇಕು. 'ಕೋಂ' ಅನ್ನುವುದನ್ನು ಅವರು ಹೆಸರಿನ ಭಾಗ ಮಾಡಿಬಿಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಉಳಿದ ವ್ಯತ್ಯಾಸಗಳಿಗೆ ನೋಟರಿ ಅಫಿಡವಿಟ್ ಇಟ್ಟರೆ ಸಾಕು. ಮದುವೆಯಾಯಿತು ಅಂತ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಯಿಸುವ ಅಗತ್ಯವೂ ಇಲ್ಲ. ಅತ್ತೆ ಮನೆಯವರು ಕೇಳಿದರೆ ವೀಸಾ ಬಂದ ಮೇಲೆ ನೋಡೋಣ ಅನ್ನಿ.

ನಿಮ್ಮದು ಹಿರಿಯರು ಮಾಡಿದ ಮದುವೆ ಅಂದಿರಿ. ಹುಡುಗಿ ನೋಡುವ ಶಾಸ್ತ್ರ, ನಿಶ್ಚಿತಾರ್ಥ, ಮದುವೆ ಎಲ್ಲ ಕೆಲವೇ ತಿಂಗಳಲ್ಲಿ ಆಗಿರುತ್ತದೆ. ಓದುವವರಿಗೆ ಇದು ಅವಸರ ಅನಿಸಬಹುದು. ಅದಕ್ಕೇ ಇಬ್ಬರೂ ಬೇರೆ ಬೇರೆಯಾಗಿ ಒಂದೊಂದು ಪತ್ರ ಬರೆಯಿರಿ. ಸಂಬಂಧ ಯಾರ ಮೂಲಕ ಬಂತು, ಮೊದಲ ಸಲ ಎಲ್ಲಿ ಕೂತು ಮಾತಾಡಿದಿರಿ, ಅವರು ರಜೆ ಹಾಕಿ ಯಾವಾಗ ಬಂದರು, ಮದುವೆ ಎಲ್ಲಿ ನಡೆಯಿತು, ಈಗ ದಿನಕ್ಕೆ ಯಾವ ಹೊತ್ತಿಗೆ ಮಾತಾಡುತ್ತೀರಿ. ವಕೀಲರ ಭಾಷೆ ಬೇಡ, ನಿಮ್ಮ ಮಾತಿನಲ್ಲೇ ಇರಲಿ. ಲಗ್ನಪತ್ರಿಕೆ, ಅವರ ವಿಮಾನದ ಟಿಕೆಟ್, ಕೆಲವು ಫೋಟೋ, ತಿಂಗಳಿಗೆ ಒಂದೆರಡು ಪುಟದಂತೆ ವಾಟ್ಸಾಪ್ ಕರೆಗಳ ವಿವರ ಸೇರಿಸಿ. ಮದುವೆ ಆಲ್ಬಂ ಪೂರ್ತಿ ಬೇಡ. ಧಾರೆಯ ಒಂದು ಫೋಟೋ, ಎರಡೂ ಮನೆಯವರು ಕೂಡಿ ನಿಂತ ಒಂದು ಫೋಟೋ, ಮದುವೆಗೆ ಮುಂಚಿನ ಮತ್ತು ನಂತರದ ಕೆಲವು, ಹಿಂದೆ ತಾರೀಕು, ಊರು.

ಮನೆಯ ಬಾಡಿಗೆ ಕರಾರು, ನೀವು ಬಂದು ಇರಬಹುದು ಅಂತ ಮನೆ ಮಾಲೀಕರ ಪತ್ರ ಇಡಿ. ಮನೆಯನ್ನು ಬೇರೆಯವರ ಜೊತೆ ಹಂಚಿಕೊಂಡಿದ್ದರೂ ನಿಮ್ಮಿಬ್ಬರಿಗೇ ಅಂತ ಒಂದು ಕೋಣೆ ಇರಬೇಕು.

ಟಿಬಿ ಪರೀಕ್ಷೆ ಅವರು ಒಪ್ಪಿರುವ ಕ್ಲಿನಿಕ್‌ನಲ್ಲೇ ಆಗಬೇಕು, ಪ್ರಮಾಣಪತ್ರ ಆರು ತಿಂಗಳು ನಡೆಯುತ್ತದೆ. ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಪರೀಕ್ಷೆಯ ಎ1 ಅನ್ನುವ ಆರಂಭದ ಹಂತ ಸಾಕು. ಕಾಲು ಗಂಟೆಯ ಮಾತುಕತೆ ಅಷ್ಟೇ, ಭಯ ಬೇಡ. ಎಂಎಸ್ಸಿಯನ್ನು ಇಂಗ್ಲಿಷ್‌ನಲ್ಲಿ ಓದಿದ್ದರೆ ಹೊರದೇಶದ ಪದವಿಗಳನ್ನು ಪರಿಶೀಲಿಸುವ ಇಲ್ಲಿನ ಎಕ್ಟಿಸ್ ಸಂಸ್ಥೆಯ ದೃಢೀಕರಣ ತರಿಸಿಯೂ ತೋರಿಸಬಹುದು. ನನಗೆ ಪರೀಕ್ಷೆಯೇ ಸುಲಭ ಅನಿಸುತ್ತದೆ.

ಖರ್ಚು ಸಣ್ಣದಲ್ಲ. 2025ರ ಏಪ್ರಿಲ್‌ನಲ್ಲಿ ಅರ್ಜಿ ಶುಲ್ಕ 1,938 ಪೌಂಡ್ ಆಯಿತು. ಆರೋಗ್ಯ ಶುಲ್ಕ ವರ್ಷಕ್ಕೆ 1,035ರಂತೆ, 33 ತಿಂಗಳ ವೀಸಾಗೆ 3,105. ಎರಡೂ ಸೇರಿ 5,043. ಇವು ಆಗಾಗ ಏರುತ್ತಿರುತ್ತವೆ, ಕಟ್ಟುವ ದಿನ ಸರ್ಕಾರದ ಜಾಲತಾಣದಲ್ಲೇ ನೋಡಿ. ವೀಸಾ ಸಿಗದಿದ್ದರೆ ಆರೋಗ್ಯ ಶುಲ್ಕ ವಾಪಸ್ ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ. ವಕೀಲರು ಬೇಕು ಅನಿಸಿದರೆ ಅವರು ಇಲ್ಲಿನ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿದವರೋ ಅಥವಾ ಸಾಲಿಸಿಟರೋ ಅಂತ ಯಜಮಾನರು ನೋಡಿಕೊಳ್ಳಲಿ.

ಈಗ ನಿಮ್ಮ ಕೆಲಸ. ವೀಸಾ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ಮೂರು ತಿಂಗಳು ಅಂದುಕೊಳ್ಳಿ, ಇನ್ನೂ ಜಾಸ್ತಿ ಆದರೂ ಆಗಬಹುದು. ಗಂಡ ಅಲ್ಲಿ, ನೀವು ತವರಿನಲ್ಲಿ, ದಿನಾ ಯಾರಾದರೊಬ್ಬರು 'ಇನ್ನೂ ಬಂದಿಲ್ವಾ' ಅಂತ ಕೇಳುತ್ತಾರೆ. ಆಗ ಮಕ್ಕಳ ಮುಂದೆ ನಿಂತು ಪಾಠ ಮಾಡುವುದು ಮನಸ್ಸಿಗೆ ದೊಡ್ಡ ಆಸರೆ. ನಿಮ್ಮದೇ ಸಂಬಳವೂ ಇರುತ್ತದೆ.

ಬಂದ ಮೇಲೂ ಟೀಚರ್ ಆಗಿಯೇ ಇರಬಹುದು. ಈ ವೀಸಾದಲ್ಲಿ ಬಂದ ದಿನದಿಂದಲೇ ಕೆಲಸ ಮಾಡಬಹುದು, ಯಾರ ಸ್ಪಾನ್ಸರ್‌ಶಿಪ್ಪೂ ಬೇಡ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಕೇಳುವ ಕ್ಯೂಟಿಎಸ್ ಅನ್ನುವ ಶಿಕ್ಷಕ ಅರ್ಹತೆಗೆ ಭಾರತದಲ್ಲಿ ತರಬೇತಿ ಪಡೆದವರು 2023ರಿಂದ ನೇರವಾಗಿ ಅರ್ಜಿ ಹಾಕಬಹುದು. ಅದೂ ಗಣಿತ, ವಿಜ್ಞಾನ, ಭಾಷೆಗಳನ್ನು 11ರಿಂದ 16ರ ಮಕ್ಕಳಿಗೆ ಕಲಿಸುವವರಿಗೆ. ನಿಮ್ಮ ಬಿಎಡ್ ಮತ್ತು ಗಣಿತ ಇಲ್ಲಿ ಬೇಕಾದದ್ದೇ. ಶಾಲೆ ಬಿಡುವ ಮುಂಚೆ ಯಾವ ತರಗತಿಗೆ, ಎಷ್ಟು ವರ್ಷ, ಯಾವ ವಿಷಯ ಅಂತ ಬರೆದ ಅನುಭವ ಪತ್ರವನ್ನು ಹೆಡ್‌ಮಾಸ್ಟರ್ ಸಹಿ, ಸೀಲು ಹಾಕಿಸಿ ತೆಗೆದುಕೊಳ್ಳಿ. ಶಾಲೆಯ ಅಧಿಕೃತ ಇಮೇಲ್ ಇದ್ದರೆ ಅದೂ ಅದರಲ್ಲಿರಲಿ. ಪಾಸ್‌ಪೋರ್ಟ್ ಸೇವಾದಿಂದ ಪೊಲೀಸ್ ಕ್ಲಿಯರೆನ್ಸ್ ಕೂಡ ಮಾಡಿಸಿಕೊಂಡು ಬನ್ನಿ, ಶಾಲೆಗಳು ಅದನ್ನು ಕೇಳುತ್ತವೆ. ಇಲ್ಲಿಂದ ಮಾಡಿಸುವುದಕ್ಕಿಂತ ದಾವಣಗೆರೆಯಲ್ಲಿ ಇರುವಾಗಲೇ ಸಲೀಸು.