ಪ್ಲೇಗ್ ಬಂತು, ಜೀತ ಹೋಯಿತೇ?

ಪ್ರಶ್ನೆ: 14ನೇ ಶತಮಾನದ ಪ್ಲೇಗ್‌ನಿಂದ ಆಳುಗಳ ಕೊರತೆಯಾಗಿ ಕೂಲಿ ಏರಿತು, ಯುರೋಪಿನಲ್ಲಿ ಜೀತ ತಾನಾಗಿಯೇ ಅಳಿಯಿತು ಎಂದು ಓದಿದ್ದೇನೆ. ಅದು ಅಷ್ಟು ಸಲೀಸಾಗಿ ಆಯಿತೇ?
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕೊರತೆಯಾದದ್ದು ನಿಜ. ‘ತಾನಾಗಿಯೇ’ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. (ಜೀತವೆಂದರೆ ಇಲ್ಲಿ ಧಣಿಯ ನೆಲಕ್ಕೆ ಕಟ್ಟುಬಿದ್ದ ರೈತ ಅವನಿಗೆ ಬಿಟ್ಟಿ ದುಡಿಯಬೇಕಾದ ಪದ್ಧತಿ.)

ಇಂಗ್ಲೆಂಡನ್ನೇ ನೋಡಿ. 1348ರಲ್ಲಿ ದಕ್ಷಿಣ ಕರಾವಳಿಯಿಂದ ಒಳಹೊಕ್ಕ ರೋಗ ಜನಸಂಖ್ಯೆಯ ಮೂರನೇ ಒಂದರಿಂದ ಅರ್ಧದಷ್ಟನ್ನು ನುಂಗಿತು. ಪೈರು ಬೆಳೆದು ನಿಂತಿತ್ತು, ಕೊಯ್ಯುವವರಿರಲಿಲ್ಲ. ಬದುಕುಳಿದವರು ಹೆಚ್ಚು ಕೂಲಿ ಕೇಳಿದರು. ಸಾವು ಇನ್ನೂ ನಿಂತಿರಲಿಲ್ಲ, 1349ರ ಜೂನ್‌ನಲ್ಲೇ ದೊರೆ ಮೂರನೇ ಎಡ್ವರ್ಡ್ ಆಜ್ಞೆ ಹೊರಡಿಸಿದ: ಪ್ಲೇಗ್‌ಗೆ ಹಿಂದಿನ ದರಕ್ಕೇ ದುಡಿಯಬೇಕು. ಸರ್ಕಾರಗಳು ಚುರುಕಾಗುವುದು ಇಂಥ ವಿಷಯಗಳಲ್ಲೇ!

1351ರ ಕಾಯ್ದೆಯಂತೂ ದರಪಟ್ಟಿಯನ್ನೇ ಕೊಟ್ಟಿತು. ಹುಲ್ಲು ಕೊಯ್ಯುವವನಿಗೆ ದಿನಕ್ಕೆ 5 ಪೆನ್ಸ್. ಪೈರು ಕೊಯ್ಯುವವನಿಗೆ ಆಗಸ್ಟ್‌ನ ಮೊದಲ ವಾರ 2, ಎರಡನೇ ವಾರ 3, ಊಟ ಹಾಕುವಂತಿಲ್ಲ. ಕೆಲಸ ಬೇಕಾದವರು ಕುಡುಗೋಲು, ಸಲಕರಣೆಗಳನ್ನು ಎದ್ದು ಕಾಣುವಂತೆ ಕೈಯಲ್ಲಿ ಹಿಡಿದು ಪೇಟೆಯ ಬಯಲಲ್ಲಿ ನಿಲ್ಲಬೇಕು. ಗುಟ್ಟಿನ ಚೌಕಾಸಿಗೆ ಎಡೆಯಿಲ್ಲ. ಒಪ್ಪದವರ ಕಾಲಿಗೆ ಕೋಳ. ಹತ್ತು ವರ್ಷದ ಮೇಲೆ, ಓಡಿಹೋದ ಆಳಿನ ಹಣೆಗೆ ಬರೆ ಎಳೆಯುವ ಶಿಕ್ಷೆಯೂ ಸೇರಿತು.

ಆದರೆ ಕಾಯ್ದೆಯನ್ನು ಮೊದಲು ಮುರಿದವರಲ್ಲಿ ಧಣಿಗಳೂ ಇದ್ದರು. ಕಾಳು ಹೊಲದಲ್ಲೇ ಉದುರುವ ಹೊತ್ತಿಗೆ ಪಕ್ಕದ ಜಮೀನಿನ ಆಳನ್ನು ಸೆಳೆಯದೆ ಇರುವವರು ಯಾರು? ಲೆಕ್ಕಪುಸ್ತಕದಲ್ಲಿ ಕಾನೂನಿನ ದರ ಬರೆದು, ಮೇಲೆ ಧಾನ್ಯ ಅಳೆದುಕೊಟ್ಟರು. ಆದರೂ ದುಬಾರಿ ದವಸದಿಂದಾಗಿ, 1370ರ ದಶಕದ ಕೊನೆಯಲ್ಲಿ ಬೆಲೆ ಇಳಿಯುವವರೆಗೂ ಕೂಲಿಯವರ ಹೊಟ್ಟೆಗೆ ಹೆಚ್ಚೇನೂ ದಕ್ಕಲಿಲ್ಲ.

1381ರಲ್ಲಿ 15 ವರ್ಷ ಮೀರಿದವರಿಗೆ ತಲೆಗೆ 1 ಶಿಲ್ಲಿಂಗ್ (12 ಪೆನ್ಸ್) ಕಂದಾಯ ಹೇರಿದಾಗ ಎಸೆಕ್ಸ್, ಕೆಂಟ್ ಸೀಮೆಗಳು ಸಿಡಿದೆದ್ದವು. ದಂಗೆಕೋರರು ಹಲವೆಡೆ ಹುಡುಕಿ ಹುಡುಕಿ ಸುಟ್ಟದ್ದು ಧಣಿಗಳ ದಫ್ತರಗಳನ್ನು. ಯಾರ ಮನೆತನ ಎಷ್ಟು ಬಿಟ್ಟಿ ದುಡಿಯಬೇಕೆಂಬ ಸಾಕ್ಷಿ ಅವುಗಳಲ್ಲೇ ಇತ್ತು. 14ರ ಹರೆಯದ ದೊರೆ ಎರಡನೇ ರಿಚರ್ಡ್ ಜೀತದಿಂದ ಬಿಡುಗಡೆಯ ಪತ್ರ ಬರೆಸಿಕೊಟ್ಟ. ದಂಗೆಯ ನಾಯಕ ವಾಟ್ ಟೈಲರ್ ಹತನಾದ ಮೇಲೆ, ಕೆಲವೇ ವಾರಗಳಲ್ಲಿ ಅದನ್ನು ರದ್ದುಮಾಡಿದ. ಜೀತ ಹೋದದ್ದು ಮುಂದಿನ ನೂರು ವರ್ಷಗಳಲ್ಲಿ, ಬಿಟ್ಟಿ ದುಡಿಮೆಯ ಬದಲು ಹಣದ ಗೇಣಿಗೆ ಪಟ್ಟುಹಿಡಿದ, ಒಪ್ಪದಿದ್ದರೆ ಊರನ್ನೇ ಬಿಟ್ಟುಹೋದ ರೈತರಿಂದ.

ಆಳಿನ ಕೊರತೆಯೊಂದೇ ಸಾಕಾಗಿದ್ದರೆ ಪೂರ್ವ ಯುರೋಪಿನಲ್ಲೂ ಹೀಗೆಯೇ ಆಗಬೇಕಿತ್ತು. ಅಲ್ಲಿ ಜನ ವಿರಳವಾಗಿದ್ದರು, ಭೂಮಿ ಬೇಕಾದಷ್ಟಿತ್ತು. ಅಲ್ಲಿನ ಧಣಿಗಳು ಮಾಡಿದ್ದು ರೈತರನ್ನು ನೆಲಕ್ಕೆ ಕಟ್ಟಿಹಾಕುವ ಕೆಲಸ: ಪೋಲೆಂಡಿನಲ್ಲಿ 1520ರ ಕಾಯ್ದೆ ವಾರಕ್ಕೊಂದು ದಿನದ ಬಿಟ್ಟಿಯನ್ನು ಕಡ್ಡಾಯಗೊಳಿಸಿತು, ಮುಂದೆ ಅದು ಇನ್ನೂ ಹೆಚ್ಚಿತು.