ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡಿಫೆನ್ಸ್ ಆಟಗಾರನಿಗೆ, ಅಂದರೆ ಎದುರಾಳಿಯನ್ನು ತಡೆಯುವವನಿಗೆ, ಎಂವಿಪಿ (ಸೀಸನ್ನಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ) ಸಿಕ್ಕಿದ್ದುಂಟೇ?

ಉಂಟು. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಕೊಡುವ ಎಂವಿಪಿ ಡಿಫೆನ್ಸ್ ಆಟಗಾರರಲ್ಲಿ ಇಬ್ಬರಿಗಷ್ಟೇ ದಕ್ಕಿದೆ: 1986ರಲ್ಲಿ ಲಾರೆನ್ಸ್ ಟೇಲರ್, ಅದಕ್ಕೂ ಮೊದಲು 1971ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡದ ಆಲನ್ ಪೇಜ್.

ಪೇಜ್ ಡಿಫೆನ್ಸಿವ್ ಟ್ಯಾಕಲ್. ಎದುರಾಳಿ ಸಾಲಿನ ನಟ್ಟನಡುವೆ ನುಗ್ಗಿ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕನ್ನು ಕೆಡವುವ ಕೆಲಸ. ಆ ಜಾಗಕ್ಕೆ ಭಾರಿ ಮೈಕಟ್ಟಿನವರೇ ಆಗಬೇಕು ಅನ್ನುತ್ತಾರೆ. ಪೇಜ್ ಗೆದ್ದಿದ್ದು ಚುರುಕಿನಿಂದ. ಕೈ ನೆಲಕ್ಕೂರಿ ಬಾಗಿ ನಿಂತವರು, ಚೆಂಡು ಅಲುಗಿದ್ದೇ ತಡ, ಎದುರಿನವನು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಅವನನ್ನು ದಾಟಿಬಿಡುತ್ತಿದ್ದರು.

1967ರಿಂದ 1981ರವರೆಗೆ 15 ಸೀಸನ್, ಒಂದನ್ನೂ ತಪ್ಪಿಸದೆ 218 ಲೀಗ್ ಪಂದ್ಯ. ಲೀಗಿನ ಫೈನಲ್ ಆದ ಸೂಪರ್ ಬೌಲ್ ನಾಲ್ಕು ಸಲ ಆಡಿದರು, ನಾಲ್ಕೂ ಸೋಲು. ಮ್ಯಾರಥಾನ್ ಓಟ ಹಿಡಿಸಿ ತೂಕ ಇಳಿದಾಗ, 1978ರಲ್ಲಿ ವೈಕಿಂಗ್ಸ್ ಕೈಬಿಟ್ಟಿತು. ಶಿಕಾಗೊ ಬೇರ್ಸ್ ತಂಡ ಸೇರಿಸಿಕೊಂಡಿತು. ಅದೇ ವರ್ಷ ಕಾನೂನು ಪದವಿಯೂ ಕೈಗೆ ಬಂತು. ಆಡುತ್ತಲೇ ಓದಿದ್ದು! ಮುಂದೆ 1993ರಿಂದ 2015ರವರೆಗೆ ಮಿನ್ನೆಸೋಟ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಮೂರ್ತಿ, ಆ ಪೀಠಕ್ಕೇರಿದ ಮೊದಲ ಆಫ್ರಿಕನ್ ಅಮೆರಿಕನ್.

ನನ್ನ ಮನಸ್ಸಿಗೆ ಹತ್ತಿರವಾದದ್ದು ಇದು: ಹುಟ್ಟೂರು, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ ಫುಟ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಕಟ್ಟಡ ಏಳುವಾಗ ಹದಿಹರೆಯದ ಪೇಜ್ ಅಲ್ಲಿ ಕೂಲಿ ಮಾಡಿದ್ದರು. 1988ರಲ್ಲಿ ಅದೇ ಕಟ್ಟಡಕ್ಕೆ ಅವರ ಕಂಚಿನ ಪ್ರತಿಮೆ ಬಂತು.