ಬಂದೂಕಿನ ಭಾಗಗಳ ಹಳೇ ಬ್ಲೂಯಿಂಗ್ ಮನೆಯಲ್ಲೇ ತೆಗೆಯೋದು ಹೇಗೆ?

ಅಲ್ಲಲ್ಲಿ ಸವೆದ ಬ್ಲೂಯಿಂಗ್, ಅಂದರೆ ಉಕ್ಕಿನ ಮೇಲಿರುವ ನೀಲಿ-ಕಪ್ಪು ಪದರ, ಪೂರ್ತಿ ತೆಗೆದು ಹೊಸದಾಗಿ ಮಾಡಬೇಕು, ಉಪ್ಪುಕಾಗದದಲ್ಲಿ ಉಜ್ಜಲೇ ಅಂತ ಕೇಳಿದ್ದೀರಿ. ದಯವಿಟ್ಟು ಉಜ್ಜಬೇಡಿ. ಚೂಪಾದ ಅಂಚುಗಳು ಗುಂಡಗಾಗುತ್ತವೆ, ಸ್ಕ್ರೂ ತೂತಿನ ಬಾಯಿ ತಗ್ಗಾಗುತ್ತದೆ, ಕೆತ್ತಿದ ಅಕ್ಷರ, ನಂಬರ್ ಎಲ್ಲಾ ಮಾಸಿಹೋಗುತ್ತವೆ. ಹೋದ ಉಕ್ಕು ಮತ್ತೆ ಬರೋದಿಲ್ಲ.

ಬ್ಲೂಯಿಂಗ್ ಅನ್ನೋದು ಮೇಲೆ ಬಳಿದ ಬಣ್ಣ ಅಲ್ಲ. ಅದೂ ಒಂದು ಜಾತಿಯ ತುಕ್ಕೇ. ಉಕ್ಕಿನ ಮೈಯೇ ಕಪ್ಪು ಐರನ್ ಆಕ್ಸೈಡ್, ಅಂದರೆ ಮ್ಯಾಗ್ನಟೈಟ್ ಆಗಿರುತ್ತದೆ. ಕೆಂಪು ತುಕ್ಕು ಉಕ್ಕನ್ನು ತಿನ್ನುತ್ತದೆ, ಇದು ಎಣ್ಣೆ ಹಿಡಿದುಕೊಂಡು ಕಾಯುತ್ತದೆ. ಪದರ ಕೂದಲಿಗಿಂತ ಎಷ್ಟೋ ತೆಳು. ಹಾಗಾಗಿ ತುಕ್ಕು ಬಿಡಿಸುವ ಸೌಮ್ಯ ಆಸಿಡ್ ಸಾಕು. ನಾನು ಬಳಸೋದು ಸುಮಾರು 5% ಆಸಿಡ್ ಇರುವ ಬಿಳಿ ವಿನೆಗರ್. ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಇನ್ನೂ ಬೇಗ ಕೆಲಸ ಮಾಡುತ್ತದೆ.

ಮೊದಲು ಬಂದೂಕು ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಆಮೇಲೆ ಬಿಚ್ಚಿ. ಸ್ಪ್ರಿಂಗ್‌ಗಳನ್ನು ಆಸಿಡ್‌ಗೆ ಹಾಕಲೇಬೇಡಿ. ಆಸಿಡ್‌ನಿಂದ ಹೊರಡುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿದರೆ ಅದು ಪೆಡಸಾಗಿ ಮುರಿಯಬಹುದು. ಅಲ್ಯೂಮಿನಿಯಂ ಭಾಗಗಳೂ ಬೇಡ, ಅವುಗಳ ಕಪ್ಪು ಬ್ಲೂಯಿಂಗೇ ಅಲ್ಲ.

ಅಸಿಟೋನ್‌ನಿಂದ ಎಣ್ಣೆ ಜಿಡ್ಡು ಪೂರ್ತಿ ತೆಗೆಯಿರಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಜಿಡ್ಡು ಉಳಿದ ಕಡೆ ಆಸಿಡ್ ಹಿಡಿಯೋದಿಲ್ಲ, ಮಚ್ಚೆ ಮಚ್ಚೆಯಾಗುತ್ತದೆ. ಗ್ಲೌಸ್ ಹಾಕಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ವಿನೆಗರ್ ಸುರಿದು ಭಾಗ ಮುಳುಗಿಸಿ. ಹದಿನೈದು ನಿಮಿಷಕ್ಕೊಮ್ಮೆ ತೆಗೆದು ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕಪ್ಪು ಮಸಿ ಅಂಟುತ್ತದೆ, ಕೆಳಗಿನಿಂದ ಬೂದು ಬಣ್ಣದ ಬರಿ ಉಕ್ಕು ಕಾಣುತ್ತದೆ. ಮೂಲೆಯಲ್ಲಿ ಉಳಿದಿದ್ದನ್ನು ತೀರಾ ನವಿರಾದ ಸ್ಟೀಲ್ ವೂಲ್‌ನಿಂದ ಹಗುರವಾಗಿ ಒರೆಸಿ.

ಬಣ್ಣ ಹೋದ ಕ್ಷಣವೇ ಹೊರಗೆ ತೆಗೆಯಿರಿ. ನಾನೊಮ್ಮೆ ಒಂದು ಟ್ರಿಗರ್ ಗಾರ್ಡ್ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಗ್ಗೆ ಮೈಯೆಲ್ಲಾ ತರಿತರಿಯಾಗಿತ್ತು. ಮತ್ತೆ ನಯ ಮಾಡೋಕೆ ಎರಡು ದಿನ ಪಾಲಿಶ್ ಮಾಡಬೇಕಾಯಿತು.

ನಿಜವಾದ ಕಷ್ಟ ಶುರುವಾಗೋದು ಇಲ್ಲಿಂದ. ಆಸಿಡ್‌ನಿಂದ ಹೊರಬಂದ ಬರಿ ಉಕ್ಕಿಗೆ ನಿಮಿಷಗಳಲ್ಲೇ ಕಿತ್ತಳೆ ತುಕ್ಕು ಕೂರುತ್ತದೆ. ಅದಕ್ಕೇ ಎಲ್ಲವನ್ನೂ ಮೊದಲೇ ಸಾಲಾಗಿ ಜೋಡಿಸಿಕೊಳ್ಳಿ. ನೀರಲ್ಲಿ ತೊಳೆದು ಅಡಿಗೆ ಸೋಡಾ ನೀರಲ್ಲಿ ಅದ್ದಿ, ಉಳಿದ ಆಸಿಡ್ ಸಾಯಲಿ. ಆಮೇಲೆ ಇಕ್ಕಳದಲ್ಲಿ ಹಿಡಿದು ಕುದಿಯುವ ನೀರಲ್ಲಿ ಮುಳುಗಿಸಿ ಎತ್ತಿ. ಉಕ್ಕು ಕಾದಿರುವುದರಿಂದ ತಾನೇ ಒಣಗುತ್ತದೆ. ತಕ್ಷಣ ಎಣ್ಣೆ ಸವರಿ. ಅವತ್ತೇ ಹೊಸ ಬ್ಲೂಯಿಂಗ್ ಮಾಡೋದಾದರೆ ಎಣ್ಣೆ ಬೇಡ, ನೇರ ಅದಕ್ಕೇ ಹೋಗಿ. ಬರಿಗೈಲಿ ಮಾತ್ರ ಮುಟ್ಟಬೇಡಿ. ಬೆರಳಚ್ಚು ಬಿದ್ದ ಜಾಗ ಹೊಸ ಬ್ಲೂಯಿಂಗ್‌ನಲ್ಲಿ ಹಾಗೇ ಕಾಣುತ್ತದೆ.

ಹೈಡ್ರೋಕ್ಲೋರಿಕ್ ಆಸಿಡ್ ಬೇಗ ಆಗುತ್ತೆ ಅಂತ ಕೆಲವರು ಹೇಳ್ತಾರೆ. ನಾನಂತೂ ಬೇಡ ಅಂತೀನಿ. ಅದರ ಹೊಗೆ ಶ್ವಾಸಕ್ಕೂ ಕೆಟ್ಟದ್ದು, ಕೋಣೆಯಲ್ಲಿರುವ ಬೇರೆ ಉಪಕರಣಗಳಿಗೂ ತುಕ್ಕು ಹಿಡಿಸುತ್ತದೆ. ಯಾವ ಆಸಿಡ್ ಆದರೂ ಬ್ಲೀಚ್ ಜೊತೆ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ.

ನಿಮ್ಮದು ತುಂಬಾ ಹಳೇ ಬಂದೂಕಾ? ಹಾಗಿದ್ದರೆ ಡಬ್ಬಿಗೆ ವಿನೆಗರ್ ಸುರಿಯೋ ಮುಂಚೆ ತಿಳಿದವರಿಗೆ ಒಮ್ಮೆ ತೋರಿಸಿ. ಸಂಗ್ರಹಕಾರರು ಸವೆದ ಮೂಲ ಬ್ಲೂಯಿಂಗ್‌ಗೇ ಜಾಸ್ತಿ ಬೆಲೆ ಕೊಡ್ತಾರೆ.